ಬಸರಾ ಬಂದರಿಗೆ ಬಂದ ಕೆಂಪು ಗೋಧಿ

ಅರಬಿ ಭಾಷೆಯಲ್ಲಿ ವಿಷಕ್ಕೆ 'ಸಮ್ಮ್' ಎನ್ನುತ್ತಾರೆ. ಸೂಜಿಯ ಕಣ್ಣಿಗೂ ಇದೇ ಪದವಿದೆ. ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಒಂಟೆ ಮತ್ತು ಸೂಜಿಗಣ್ಣಿನ ಪ್ರಸ್ತಾಪ ಬರುವಲ್ಲಿ ಈ ಪದವನ್ನು ಕಾಣುತ್ತೇವೆ. ಚರ್ಮದ ರಂಧ್ರಗಳಿಗೆ ಹೇಳುವ 'ಮಸಾಮ್' ಎಂಬ ಮಾತು ಹುಟ್ಟಿದ್ದೂ ಇದೇ ಧಾತುವಿನಿಂದ. ದರ್ಸಿನಲ್ಲಿ ಧಾತುಗಳನ್ನು ಬಾಯಿಪಾಠ ಮಾಡುವ ಕಾಲದಲ್ಲಿ ಇವೆಲ್ಲ ನಮಗೆ ಬೇರೆ ಬೇರೆ ಪದಗಳಾಗಿಯೇ ತೋರಿದ್ದವು. ಕುರ್‌ಆನಿನ ಪದಕೋಶವನ್ನು ರಚಿಸಿದ ಇಮಾಮ್ ರಾಗಿಬ್ ಅಲ್ ಇಸ್ಫಹಾನಿಯವರು ಇವುಗಳನ್ನು ಒಂದೇ ಎಳೆಯಲ್ಲಿ ಪೋಣಿಸುತ್ತಾರೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ದೇಹದ ಒಳಭಾಗಗಳಿಗೆ ತೂರಿಕೊಳ್ಳುವುದರಿಂದಲೇ ವಿಷಕ್ಕೆ ಆ ಹೆಸರು ಬಂದಿದೆ ಎಂಬುದು ಅವರ ವಿವರಣೆಯ ಸಾರ. ಅವರು ಹೀಗೆ ಬರೆದು ಒಂಬತ್ತು ಶತಮಾನಗಳಾದ ಮೇಲೆ, ಇರಾಕಿನ ನೆಲದಲ್ಲಿ, ಆ ಮಾತು ಅಕ್ಷರಶಃ ನಿಜವಾಯಿತು. 1971 ಮತ್ತು 1972ರ ಆ ಘಟನೆ ಮುಸ್ಲಿಮ್ ಜಗತ್ತಿನಲ್ಲಿ ಇಂದು ಬಹುತೇಕ ಮರೆತುಹೋಗಿದೆ. ಅದನ್ನು ತಿಳಿಯಬೇಕಾದರೆ ಮೊದಲು ಹಳೆಯ ಬಗ್ದಾದಿಗೆ ಹೋಗಬೇಕು.

ವಿಷದ ಕುರಿತು ನಮ್ಮಲ್ಲಿ ಮಾತು ಬಂದಾಗಲೆಲ್ಲ ಖೈಬರ್ ನೆನಪಾಗುತ್ತದೆ. ಹಿಜರಿ 7ರಲ್ಲಿ ಝೈನಬ್ ಬಿಂತ್ ಹಾರಿಸ್ ಎಂಬ ಮಹಿಳೆ ಪ್ರವಾದಿ ಮುಹಮ್ಮದರಿಗೆ(ಸ) ವಿಷ ಬೆರೆಸಿದ ಕುರಿಮಾಂಸವನ್ನು ಉಡುಗೊರೆಯಾಗಿ ಕೊಟ್ಟ ಘಟನೆ ಓದುಗರಿಗೆ ಗೊತ್ತಿರುವುದೇ. ಅದನ್ನು ನುಂಗಿದ ಸಹಾಬಿ ಬಿಶ್ರ್ ಬಿನ್ ಅಲ್ ಬರಾಅ್(ರ) ಮರಣ ಹೊಂದಿದರು. ಆಕೆಯನ್ನು ಕ್ಷಮಿಸಲಾಯಿತೇ ಅಥವಾ ಬಿಶ್ರ್‌ರ ಮರಣಕ್ಕೆ ಪ್ರತಿಯಾಗಿ ಶಿಕ್ಷಿಸಲಾಯಿತೇ ಎಂಬ ಬಗ್ಗೆ ವರದಿಗಳು ಭಿನ್ನವಾಗಿವೆ. ಈ ಘಟನೆಯಿಂದ ಕರ್ಮಶಾಸ್ತ್ರಜ್ಞರು ಎತ್ತಿಕೊಂಡ ಒಂದು ಪ್ರಶ್ನೆಯಷ್ಟೇ ನಮಗಿಲ್ಲಿ ಮುಖ್ಯ. ವಿಷವನ್ನು ಉಣಬಡಿಸಿದವನು ಒಬ್ಬ, ಕೈಯಾರೆ ಎತ್ತಿ ತಿಂದವನು ಇನ್ನೊಬ್ಬ. ಹಾಗಾದರೆ ಹೊಣೆ ಯಾರದು? ಮದ್‌ಹಬ್‌ಗಳ ಉತ್ತರ ಒಂದೇ ಅಲ್ಲ. ಆದರೆ ಚರ್ಚೆಯ ಉದ್ದಕ್ಕೂ ಒಂದು ವಿಚಾರ ಮರಳಿ ಮರಳಿ ಬರುತ್ತದೆ: ತಿಂದವನಿಗೆ ಅದು ವಿಷವೆಂದು ತಿಳಿದಿತ್ತೇ, ಇಲ್ಲವೇ?

ಅಬ್ಬಾಸಿ ಖಿಲಾಫತ್ತಿನ ಬಗ್ದಾದಿನಲ್ಲಿ ವಿಷವಿದ್ಯೆ ಒಂದು ಸ್ವತಂತ್ರ ಶಾಸ್ತ್ರವಾಗಿ ಬೆಳೆಯಿತು. ಅದರ ಮೊದಲ ಗ್ರಂಥಗಳಲ್ಲೊಂದು ಹೋದದ್ದು ನಮ್ಮ ದೇಶದಿಂದ. 'ಶಾನಾಕ್' ಎಂಬ ಹಿಂದೂಸ್ಥಾನದ ಪಂಡಿತನ ಹೆಸರಿನಲ್ಲಿದ್ದ ವಿಷಗ್ರಂಥವನ್ನು ಮನ್ಕಾ ಎಂಬ ಭಾರತೀಯ ವೈದ್ಯರು ವಝೀರ್ ಯಹ್ಯಾ ಬಿನ್ ಖಾಲಿದ್ ಅಲ್ ಬರ್ಮಕಿಗಾಗಿ ಪಾರಸಿಗೆ ತಂದರು. ಮುಂದೆ ಖಲೀಫ ಮಅ್‌ಮೂನ್‌ರ ಕಾಲದಲ್ಲಿ ಅಬ್ಬಾಸ್ ಬಿನ್ ಸಈದ್ ಅಲ್ ಜೌಹರಿ ಅದನ್ನು ಅರಬಿಗೆ ತಂದರು. ಶಾನಾಕ್ ಎಂದರೆ ಚಾಣಕ್ಯನೇ ಎಂಬುದು ಸಂಶೋಧಕರ ಅಭಿಪ್ರಾಯ. ಆ ಗ್ರಂಥದಲ್ಲಿ ಅರ್ಥಶಾಸ್ತ್ರದ ಹಾಗೂ ಸುಶ್ರುತ ಸಂಹಿತೆಯ ವಿಷಪ್ರಕರಣಗಳ ಹೋಲಿಕೆಗಳನ್ನು ಅವರು ಗುರುತಿಸಿದ್ದಾರೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿದ್ದು 1905ರಲ್ಲಿ, ಮುದ್ರಿಸಿ ಹೊರತಂದದ್ದು 1909ರಲ್ಲಿ. ಅಂದರೆ ಚಾಣಕ್ಯನ ಹೆಸರಿನ ವಿಷವಿದ್ಯೆ ಮೈಸೂರಿನಲ್ಲಿ ಬೆಳಕು ಕಾಣುವುದಕ್ಕಿಂತ ಸಾವಿರ ವರ್ಷ ಮೊದಲೇ ಬಗ್ದಾದಿನಲ್ಲಿ ಓದಲ್ಪಡುತ್ತಿತ್ತು. ಇದನ್ನು ಕನ್ನಡಿಗರಾದ ನಾವು ನೆನಪಿಟ್ಟುಕೊಳ್ಳಬೇಕು.

ರಾಜನು ಉಣ್ಣುವ ಮೊದಲು ಅನ್ನವನ್ನು ಬೆಂಕಿಗೂ ಹಕ್ಕಿಗಳಿಗೂ ಕೊಟ್ಟು ನೋಡಬೇಕೆಂಬ ವಿಧಾನ ಅರ್ಥಶಾಸ್ತ್ರದಲ್ಲಿದೆ. ಜ್ವಾಲೆಯ ಬಣ್ಣ ಬದಲಾದರೆ, ಹಕ್ಕಿ ಸತ್ತರೆ, ಅದು ವಿಷ. ಪ್ರಾಣಿಗೆ ತಿನ್ನಿಸಿ ನೋಡುವ ಈ ಪರೀಕ್ಷೆ ಅರಮನೆಯಿಂದ ಬಡವನ ಗುಡಿಸಿಲಿನವರೆಗೆ ಎಲ್ಲ ಕಡೆಯೂ ಉಳಿದುಬಂತು. ಇಂದಿಗೂ ಹಳಸಿದೆಯೋ ಎಂದು ಅನುಮಾನವಿರುವ ಪದಾರ್ಥವನ್ನು ಕೋಳಿಗೆ ಎಸೆದು ನೋಡುವವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಈ ಪರೀಕ್ಷೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ, ಕೆಳಗೆ ಮತ್ತೆ ಅದರ ಅಗತ್ಯ ಬರುತ್ತದೆ.

ಈ ಪರೀಕ್ಷೆಯನ್ನು ವೈದ್ಯನ ಕಣ್ಣಿನಿಂದ ಮಾಡಿದವರು ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ಅರ್ರಾಝಿ. ರಯ್ ನಗರದಲ್ಲಿ ಹುಟ್ಟಿ, ಬಗ್ದಾದಿನಲ್ಲಿ ಆಸ್ಪತ್ರೆಯ ಹೊಣೆ ಹೊತ್ತಿದ್ದ ಅವರು ಕ್ರಿ.ಶ. 925ರ ಸುಮಾರಿಗೆ ತೀರಿಕೊಂಡರು. ಪಾದರಸ ಎಷ್ಟು ಅಪಾಯಕಾರಿ ಎಂದು ತಿಳಿಯಲು ಅವರು ಒಂದು ಕೋತಿಗೆ ದ್ರವ ಪಾದರಸವನ್ನು ಕುಡಿಸಿ ನೋಡಿದರು. ಅದು ನೋವಿನಿಂದ ಹೊರಳಾಡಿತು, ಕೈಗಳಿಂದ ಹೊಟ್ಟೆಯನ್ನು ಹಿಡಿದುಕೊಂಡಿತು, ಅಷ್ಟೇ. ದ್ರವರೂಪದ ಪಾದರಸವು ಹೊಟ್ಟೆಗೆ ಹೋದರೆ ನೋವು ಕೊಟ್ಟು ಬಹುತೇಕ ಹೋದ ಹಾಗೆಯೇ ಹೊರಬೀಳುತ್ತದೆ, ಆದರೆ 'ಕೊಂದ' ಪಾದರಸ, ವಿಶೇಷವಾಗಿ ಕಾಯಿಸಿ ಆವಿಯಾಗಿಸಿ ಪಡೆದ ಲವಣ, ಕರುಳನ್ನು ಹರಿದು ರಕ್ತಭೇದಿ ಮಾಡಿಸಿ ಪ್ರಾಣ ತೆಗೆಯುತ್ತದೆ ಎಂದು ಅವರು ದಾಖಲಿಸಿದರು. ಇಂದಿನ ಶಾಲಾ ಹುಡುಗನಿಗೆ ಇದು ಸಣ್ಣ ಮಾತಾಗಿ ಕಾಣಬಹುದು, ನಮಗೆ ಹಾಗೆ ಕಾಣುವುದಿಲ್ಲ. ಒಂದೇ ಲೋಹ ರೂಪ ಬದಲಿಸಿದಾಗ ಅದರ ಕೇಡೂ ಬದಲಾಗುತ್ತದೆ ಎಂಬುದು ವಿಷವಿಜ್ಞಾನದ ಅಡಿಗಲ್ಲು. ಅರ್ರಾಝಿ ಕಾಣದೇ ಹೋದ ಪಾದರಸದ ಮೂರನೆಯ ರೂಪವೊಂದಿದೆ. ಮುಂದಿನ ಕಥೆಯೆಲ್ಲ ಅದರದೇ.

ಅದಕ್ಕೆ ಮೊದಲು ಇನ್ನಿಬ್ಬರ ಹೆಸರು ಹೇಳಬೇಕು. ಹತ್ತನೆಯ ಶತಮಾನದ ಇಬ್ನ್ ವಹ್‌ಶಿಯ್ಯಾ ಇರಾಕಿನ ಬೇಸಾಯದ ಕುರಿತ ಬೃಹತ್ ಗ್ರಂಥಕ್ಕೂ ವಿಷಗಳ ಕುರಿತ ಗ್ರಂಥಕ್ಕೂ ಹೆಸರಾದವರು. ಬೇಸಾಯ ಮತ್ತು ವಿಷ ಒಬ್ಬನೇ ಲೇಖಕನ ಮೇಜಿನ ಮೇಲೆ ಕೂಡಿದ್ದು ಆಗ ಕಾಕತಾಳೀಯವಾಗಿತ್ತು. ಎರಡನೆಯವರು ಕೈರೋದ ಯಹೂದಿ ವೈದ್ಯ ಮೂಸಾ ಬಿನ್ ಮೈಮೂನ್. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ವಝೀರರಾಗಿದ್ದ ಅಲ್ ಖಾದಿ ಅಲ್ ಫಾದಿಲರ ಕೋರಿಕೆಯಂತೆ ಅವರು 1199ರ ಸುಮಾರಿಗೆ ವಿಷಚಿಕಿತ್ಸೆಯ ಕಿರುಗ್ರಂಥವೊಂದನ್ನು ಅರಬಿಯಲ್ಲಿ ಬರೆದರು. ಹಾವು ಚೇಳು ಕಚ್ಚಿದವನು ವೈದ್ಯನನ್ನು ತಲುಪುವ ಮೊದಲೇ ತಾನು ಏನು ಮಾಡಬೇಕೆಂದು ತಿಳಿದಿರಬೇಕು, ಸಿಗಲಾರದ ಮದ್ದಿಗೆ ಕಾಯಬಾರದು ಎಂಬುದು ವಝೀರರ ಕಾಳಜಿಯಾಗಿತ್ತು. ವಿಷದ ಅರಿವು ಗೊತ್ತಿರುವವನ ಖಾಸಗಿ ಸೊತ್ತಲ್ಲ, ಕಚ್ಚಿಸಿಕೊಂಡವನಿಗೆ ಅವನ ಭಾಷೆಯಲ್ಲೇ ಅದು ತಲುಪಬೇಕು ಎಂಬ ನಿಲುವು ಈ ಪುಟ್ಟ ಪುಸ್ತಕದ ಹಿಂದಿದೆ. ಬೇಡಿದವರು ಮುಸ್ಲಿಮ್, ಬರೆದವರು ಯಹೂದಿ. ಇಂದಿನ ದಿನಗಳಲ್ಲಿ ಇದನ್ನೂ ಹೇಳಬೇಕಾಗಿದೆ.

ಇನ್ನು ಆ ಮೂರನೆಯ ರೂಪ. ಪಾದರಸವು ಇಂಗಾಲದ ಅಣುವೊಂದರೊಂದಿಗೆ ಬೆಸೆದುಕೊಂಡಾಗ ಮಿಥೈಲ್ ಪಾದರಸವಾಗುತ್ತದೆ. ದ್ರವ ಪಾದರಸವನ್ನು ನುಂಗಿದರೆ ಕರುಳು ಅದನ್ನು ಹೀರುವುದೇ ಇಲ್ಲವೆನ್ನಬಹುದು. ಮಿಥೈಲ್ ಪಾದರಸವಾದರೋ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ರಕ್ತಕ್ಕೆ ಸೇರುತ್ತದೆ. ಅಲ್ಲಿ ಅದು ಪ್ರೋಟೀನಿನ ಒಂದು ಘಟಕಕ್ಕೆ ಅಂಟಿಕೊಂಡು, ದೇಹಕ್ಕೆ ಬೇಕಾದ ಪೋಷಕಾಂಶದ ವೇಷ ಧರಿಸುತ್ತದೆ. ಮೆದುಳಿನ ಸುತ್ತಲಿರುವ ಕಾವಲು ಗೋಡೆ ಅದನ್ನು ಆಹಾರವೆಂದು ನಂಬಿ ಒಳಗೆ ಬಿಡುತ್ತದೆ. ಗರ್ಭದ ಮಾಸು ಕೂಡ ಹಾಗೆಯೇ ನಂಬಿ ಬಿಡುತ್ತದೆ. ರಾಗಿಬ್ ಅವರ ಸೂಜಿಗಣ್ಣು ಇದೇ ಇರಬೇಕು ಎಂದು ನಮಗೆ ಅನಿಸುತ್ತದೆ.

ಈ ವಿಷವನ್ನು ಜಗತ್ತು ಗುರುತಿಸಿದ್ದು ಜಪಾನಿನ ಮಿನಮಾಟ ಎಂಬ ಮೀನುಗಾರರ ಊರಿನಲ್ಲಿ. ಅಲ್ಲಿನ ಚಿಸ್ಸೋ ಕಂಪೆನಿಯ ಕಾರ್ಖಾನೆ ತನ್ನ ತ್ಯಾಜ್ಯವನ್ನು ಕೊಲ್ಲಿಗೆ ಬಿಡುತ್ತಿತ್ತು. ಮೊದಲು ಬೆಕ್ಕುಗಳು ಕುಣಿದಂತೆ ತೂರಾಡಿ ಸತ್ತವು, ಹಾರುತ್ತಿದ್ದ ಕಾಗೆಗಳು ಬಿದ್ದವು, ಆಮೇಲೆ ಮಕ್ಕಳ ಸರದಿ ಬಂತು. ರೋಗ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಹೊಸೊಕಾವಾ ಹಾಜಿಮೆ 1959ರಲ್ಲಿ ಕಾರ್ಖಾನೆಯ ತ್ಯಾಜ್ಯವನ್ನು ಒಂದು ಬೆಕ್ಕಿನ ಆಹಾರದಲ್ಲಿ ಬೆರೆಸಿದರು. ಅದು ಅವರ ಪ್ರಯೋಗದ 400ನೆಯ ಸಂಖ್ಯೆಯ ಬೆಕ್ಕು. ತಿಂಗಳುಗಳ ಬಳಿಕ ಅದೂ ಕುಣಿಯತೊಡಗಿತು. ಕಂಪೆನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು, ಪ್ರಯೋಗ ನಿಂತಿತು, ವೈದ್ಯರು ಮೌನವಾದರು. ತ್ಯಾಜ್ಯ ಮಾತ್ರ 1968ರವರೆಗೂ ಹರಿಯಿತು. 1970ರಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದು ಹೊಸೊಕಾವಾ ಆ ಬೆಕ್ಕಿನ ಕುರಿತು ನ್ಯಾಯಾಲಯಕ್ಕೆ ಸಾಕ್ಷ್ಯ ನುಡಿದರು, ಅದೇ ವರ್ಷ ತೀರಿಕೊಂಡರು. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಿಯಾಗುತ್ತದೆಂಬ ಎಚ್ಚರಿಕೆ ಅಲ್ ಬಕರಃ ಅಧ್ಯಾಯದಲ್ಲಿದೆ. ಆ ವೃದ್ಧ ವೈದ್ಯರು ಕೊನೆಗಾದರೂ ಆ ಭಾರವನ್ನು ಇಳಿಸಿದರು, ಕಂಪೆನಿಗೆ ಹೃದಯವೆಂಬುದಿರಲಿಲ್ಲ.

ಆದರೆ ಮಿಥೈಲ್ ಪಾದರಸ ಕಾರ್ಖಾನೆಯ ತ್ಯಾಜ್ಯವಾಗಿ ಮಾತ್ರ ಇರಲಿಲ್ಲ. ಅದನ್ನು ಬೇಕೆಂದೇ ತಯಾರಿಸಿ ಮಾರುತ್ತಿದ್ದರು. ಬಿತ್ತನೆ ಬೀಜಕ್ಕೆ ಬೂಷ್ಟು ಹಿಡಿಯದಂತೆ ತಡೆಯುವಲ್ಲಿ ಅದಕ್ಕೆ ಸಾಟಿಯಿಲ್ಲ. ಬೀಜೋಪಚಾರ ಮಾಡಿದ ಕಾಳು ಎಂದು ಗುರುತಾಗಲೆಂದು ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಿದ್ದರು. ನಮ್ಮ ರೈತರು ಜೋಳ, ಹತ್ತಿಯ ಬೀಜದ ಪೊಟ್ಟಣ ಒಡೆದಾಗ ಕಾಣುವ ಬಣ್ಣದ ಉದ್ದೇಶವೂ ಇದೇ, ಈಗ ಬಳಸುವ ಔಷಧಗಳು ಬೇರೆ. ಸ್ವೀಡನ್ನಿನಲ್ಲಿ ಇಂತಹ ಕಾಳು ತಿಂದ ಹಕ್ಕಿಗಳೂ ಆ ಹಕ್ಕಿಗಳನ್ನು ತಿಂದ ಗಿಡುಗಗಳೂ ಸಾಯುತ್ತಿರುವುದು ಕಂಡುಬಂದು, 1966ರಲ್ಲಿ ಅಲ್ಲಿ ಈ ಬಗೆಯ ಪಾದರಸವನ್ನು ಬೀಜಕ್ಕೆ ಬಳಸುವುದನ್ನು ನಿಷೇಧಿಸಲಾಯಿತು. ಅಮೆರಿಕದಲ್ಲಿ ಉಪಚರಿಸಿದ ಕಾಳು ತಿಂದ ಹಂದಿಯ ಮಾಂಸದಿಂದ ಒಂದು ಕುಟುಂಬದ ಮಕ್ಕಳು ಶಾಶ್ವತವಾಗಿ ಜರ್ಝರಿತರಾದ ಮೇಲೆ, 1970ರಲ್ಲಿ ಅಲ್ಲಿನ ಸರಕಾರವೂ ಅದನ್ನು ತಡೆಹಿಡಿಯಿತು. ಇರಾಕಿಗೂ ಇದು ಹೊಸದಾಗಿರಲಿಲ್ಲ. 1956ರಲ್ಲೂ 1960ರಲ್ಲೂ ಪಾದರಸ ಹಚ್ಚಿದ ಬಿತ್ತನೆ ಗೋಧಿಯನ್ನು ತಿಂದು ಅಲ್ಲಿನ ಹಳ್ಳಿಗರು ಸತ್ತಿದ್ದರು. ತಿಳಿದವರು ತಿಳಿದಿದ್ದರು, ಎಲ್ಲ ಕಡೆಯೂ.

ಹೀಗಿದ್ದೂ 1971ರಲ್ಲಿ ನಡೆದದ್ದೇನು? ಬರದಿಂದ ಇರಾಕಿನ ಬೆಳೆ ನೆಲಕಚ್ಚಿತ್ತು. ಸರಕಾರ ಹೆಚ್ಚು ಇಳುವರಿಯ ಮೆಕ್ಸಿಕನ್ ತಳಿಯ ಗೋಧಿಯನ್ನು ಬಿತ್ತನೆಗೆಂದು ತರಿಸಲು ನಿರ್ಧರಿಸಿತು. ಸುಮಾರು 73 ಸಾವಿರ ಟನ್ ಗೋಧಿ, 22 ಸಾವಿರ ಟನ್ ಬಾರ್ಲಿ, ಎಲ್ಲವೂ ಮಿಥೈಲ್ ಪಾದರಸದಿಂದ ಉಪಚರಿಸಿದ್ದು. ಸೆಪ್ಟೆಂಬರ್ ಮಧ್ಯದಿಂದ ಹಡಗುಗಳು ಬಸರಾ ಬಂದರಿಗೆ ಬರತೊಡಗಿದವು. ಅಲ್ಲಿಂದ ಚೀಲಗಳು ದೇಶದ ಉದ್ದಗಲಕ್ಕೂ ಉಚಿತವಾಗಿ ಹಂಚಿಕೆಯಾದವು. ಚೀಲಗಳ ಮೇಲೆ ಎಚ್ಚರಿಕೆಯ ಬರಹವಿತ್ತು. ಅದು ಸ್ಪ್ಯಾನಿಷ್ ಮತ್ತು ಇಂಗ್ಲಿಷಿನಲ್ಲಿತ್ತು. ತಲೆಬುರುಡೆಯ ಚಿತ್ರವೂ ಇತ್ತು, ಆದರೆ ಅದನ್ನು ವಿಷದ ಗುರುತೆಂದು ಓದುವ ರೂಢಿ ಆ ಹಳ್ಳಿಗಳಲ್ಲಿರಲಿಲ್ಲ. ಕಾಳು ತಿನ್ನುವುದಿಲ್ಲವೆಂದು ಕೆಲವೆಡೆ ರೈತರ ಹೆಬ್ಬೆಟ್ಟು ಪಡೆಯಲಾಗಿತ್ತೆಂದು ಕೆಲವು ವರದಿಗಳಿವೆ. ಓದಲಾರದವನ ಹೆಬ್ಬೆಟ್ಟು ಕೊಡುವವನನ್ನು ಕಾಯುತ್ತದೆ, ಪಡೆಯುವವನನ್ನಲ್ಲ.

ಅನೇಕ ಊರುಗಳಿಗೆ ಕಾಳು ತಲುಪುವಾಗ ಬಿತ್ತನೆಯ ಹದ ಮೀರಿತ್ತು. ಹೊಲದಲ್ಲಿ ತಮ್ಮದೇ ಬೀಜವನ್ನು ಬಿತ್ತಿ ಮುಗಿಸಿದವರ ಮನೆಯಲ್ಲಿ ದಪ್ಪ ಕಾಳಿನ ಒಳ್ಳೆಯ ಗೋಧಿ ಕುಳಿತಿತ್ತು. ಹಿಜರಿ 1391ರ ರಮಝಾನ್ ಆ ವರ್ಷ ಅಕ್ಟೋಬರ್ ಮೂರನೆಯ ವಾರದಿಂದ ನವೆಂಬರ್ ಮೂರನೆಯ ವಾರದವರೆಗೆ ಇತ್ತು. ಬರಗಾಲದ ರಮಝಾನಿನಲ್ಲಿ, ಖಾಲಿ ಕಣಜದ ಮನೆಯಲ್ಲಿ ಉಚಿತವಾಗಿ ಬಂದ ಗೋಧಿ ಏನೆಂದು ಕಂಡಿರಬಹುದೆಂಬುದನ್ನು ಹಸಿವು ಕಂಡವರು ಊಹಿಸಬಲ್ಲರು.

ಆ ರೈತರು ಹೆಡ್ಡರಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಲು ಬಯಸುತ್ತೇವೆ. ಬಣ್ಣ ಕಂಡು ಅವರು ಅನುಮಾನಿಸಿದರು. ನೀರಿನಲ್ಲಿ ತೊಳೆದರು, ಕೆಂಪು ಬಿಟ್ಟಿತು. ಬಣ್ಣವೇ ವಿಷವೆಂದುಕೊಂಡವರಿಗೆ ವಿಷ ಹೋಯಿತೆಂದೇ ಅರ್ಥ. ಪಾದರಸ ಮಾತ್ರ ಕಾಳಿನಲ್ಲೇ ಉಳಿಯಿತು. ಇನ್ನೂ ಕೆಲವರು ಹಳೆಯ ಪರೀಕ್ಷೆಯನ್ನೇ ಮಾಡಿದರು, ಮೊದಲು ಕೋಳಿಗಳಿಗೆ ಹಾಕಿದರು. ಒಂದು ದಿನ, ಎರಡು ದಿನ, ಕೆಲವು ದಿನ ನೋಡಿದರು. ಕೋಳಿಗಳಿಗೆ ಏನೂ ಆಗಲಿಲ್ಲ. ಅರಮನೆಯ ಹಕ್ಕಿಯಿಂದ ಅರ್ರಾಝಿಯವರ ಕೋತಿಯವರೆಗೆ ಮನುಷ್ಯಕುಲ ನಂಬಿಕೊಂಡು ಬಂದಿದ್ದ ಸಾಕ್ಷಿ ಅಂದು ಸುಳ್ಳು ಹೇಳಿತು. ಹಾವಿನ ವಿಷ, ಪಾಷಾಣ ಮುಂತಾದವುಗಳು ಗಂಟೆಗಳಲ್ಲಿ, ದಿನಗಳಲ್ಲಿ ತಮ್ಮನ್ನು ತೋರಿಸಿಕೊಳ್ಳುತ್ತವೆ. ಮಿಥೈಲ್ ಪಾದರಸ ವಾರಗಟ್ಟಲೆ ಸುಮ್ಮನಿರುತ್ತದೆ. ತಿನ್ನಲು ಆರಂಭಿಸಿದವರಿಗೂ ಹಾಗೆಯೇ ಏನೂ ಆಗಲಿಲ್ಲ. ತಿನ್ನುತ್ತಲೇ ಹೋದರು.

ಮೊದಲು ಬೆರಳ ತುದಿ, ಪಾದ ಮತ್ತು ತುಟಿಯ ಸುತ್ತ ಜೋಮು ಹಿಡಿದಂತಾಗುತ್ತಿತ್ತು. ಆಮೇಲೆ ನಡಿಗೆ ತೂರಾಡುವುದು, ನಾಲಗೆ ತೊದಲುವುದು. ದೃಷ್ಟಿಯ ಅಂಚುಗಳು ಮಸುಕಾಗಿ, ಕೊಳವೆಯೊಳಗಿಂದ ನೋಡಿದಂತೆ ಎದುರಿನ ಚೂರೇ ಕಾಣುವುದು, ಕೊನೆಗೆ ಕುರುಡು, ಕಿವುಡು, ಪ್ರಜ್ಞಾಹೀನತೆ. ಡಿಸೆಂಬರ್ ಕೊನೆಯ ಹೊತ್ತಿಗೆ ಆಸ್ಪತ್ರೆಗಳಿಗೆ ಜನ ಬರತೊಡಗಿದರು. ಜನವರಿಯಲ್ಲಿ ದಿನಕ್ಕೆ ನೂರಾರು ಮಂದಿ. ಆ ತಿಂಗಳ ಕೊನೆಯಲ್ಲಿ ಬಕ್ರೀದ್ ಬಂದಾಗ ವಾರ್ಡುಗಳು ತುಂಬಿದ್ದವು. ದಾಖಲೆಯಂತೆ ಆಸ್ಪತ್ರೆ ಸೇರಿದವರು 6,530, ಆಸ್ಪತ್ರೆಯಲ್ಲಿ ಸತ್ತವರು 459. ಹಳ್ಳಿಗಳಲ್ಲೇ ಉಳಿದವರ, ಅಲ್ಲಿಯೇ ದಫನವಾದವರ ಎಣಿಕೆ ಇದರಲ್ಲಿಲ್ಲ. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚೆಂದು ನಂತರದ ಅಂದಾಜುಗಳು ಹೇಳುತ್ತವೆ.

ಈ ಹೊಣೆಯನ್ನು ಹಡಗು ಕಳುಹಿಸಿದ ದೇಶಗಳ ತಲೆಗೆ ಮಾತ್ರ ಕಟ್ಟುವುದು ಸುಲಭ, ಹಾಗೆ ಮಾಡುವವರೂ ಇದ್ದಾರೆ. ಆದರೆ ಬಗ್ದಾದಿನ ಸರಕಾರ ಮುಸ್ಲಿಮರದೇ ಆಗಿತ್ತು. ಎರಡು ಬಾರಿ ಪಾದರಸ ಹಚ್ಚಿದ ಬೀಜದ ಅನುಭವ ಆ ದೇಶಕ್ಕಿತ್ತು. ಅರಬಿಯ ಒಂದು ಸಾಲನ್ನು, ಉತ್ತರದ ಊರುಗಳಿಗೆ ಕುರ್ದಿಯ ಒಂದು ಸಾಲನ್ನು ಚೀಲದ ಮೇಲೆ ಮುದ್ರಿಸಲು ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ರೋಗ ಹರಡಿದ ಮೇಲೆಯೂ ಅದು ಸುದ್ದಿಯನ್ನು ಹತ್ತಿಕ್ಕಿತು. ಕಾಳನ್ನು ಮಾರಿದವರಿಗೆ ಮರಣದಂಡನೆ ಎಂದು ಸಾರಿತೆಂದು ವರದಿಯಾಗಿದೆ. ಭಯಗೊಂಡ ಜನ ಉಳಿದ ಕಾಳನ್ನು ಸಿಕ್ಕ ಕಡೆ ಸುರಿದರು, ನದಿಗೂ ಸುರಿದರು.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಒಳಗೆ ತೇವ ಸಿಕ್ಕಿದ ಘಟನೆಯನ್ನು ಹಝ್ರತ್ ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ವಂಚಕನ ಕುರಿತಾದ ಆ ಹದೀಸಿನ ಕೊನೆಯ ಮಾತು ನಮ್ಮ ಭಾಷಣಗಳಲ್ಲಿ ಸದಾ ಕೇಳಿಬರುತ್ತದೆ. ನಡುವೆ ಇನ್ನೊಂದು ಪ್ರಶ್ನೆಯಿದೆ, ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮಳೆಯಿಂದ ಒದ್ದೆಯಾಯಿತು ಎಂದು ವ್ಯಾಪಾರಿ ಕಾರಣ ಹೇಳುತ್ತಾನೆ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲ ಎಂದು ಪ್ರವಾದಿ(ಸ) ಕೇಳುತ್ತಾರೆ. ದೋಷ ಇರುವುದಕ್ಕಿಂತ ಅದು ಕೊಳ್ಳುವವನ ಕಣ್ಣಿಗೆ ಬೀಳದಿರುವುದೇ ಅಲ್ಲಿ ಅಪರಾಧ. ಚೀಲದ ಮೇಲಿನ ಸ್ಪ್ಯಾನಿಷ್ ಅಕ್ಷರಗಳು ಮೋಸುಲ್‌ನ ರೈತನ ಪಾಲಿಗೆ ರಾಶಿಯ ಮೇಲಿದ್ದವೇ, ರಾಶಿಯ ಅಡಿಯಲ್ಲಿದ್ದವೇ?

ಮಾರುವವನಿಗಷ್ಟೇ ಈ ಹೊಣೆ ಎಂದು ಸಹಾಬಿಗಳು ತಿಳಿದಿರಲಿಲ್ಲ. ವಾಸಿಲಾ ಬಿನ್ ಅಲ್ ಅಸ್ಕಅ್(ರ) ಸಂತೆಯಲ್ಲಿದ್ದಾಗ ಯಾರೋ ಯಾರಿಗೋ ಒಂಟೆ ಮಾರಿದ. ಅದರ ಗೊರಸಿನಲ್ಲಿ ತೂತಿದೆಯೆಂದು ಗೊತ್ತಿದ್ದ ವಾಸಿಲಾ(ರ) ಕೊಂಡವನ ಹಿಂದೆಯೇ ಹೋಗಿ, ಮಾಂಸಕ್ಕೋ ಸವಾರಿಗೋ ಎಂದು ವಿಚಾರಿಸಿ, ಸವಾರಿಗೆ ಎಂದಾಗ ದೋಷವನ್ನು ತಿಳಿಸಿದರು. ಬೆಲೆ ಇಳಿಯಿತು, ಮಾರಿದವನು ಸಿಟ್ಟಾದ. ಇಮಾಮ್ ಗಝ್ಝಾಲಿಯವರು ಇಹ್ಯಾದಲ್ಲಿ ಇದನ್ನು ಎತ್ತಿ ಹೇಳುತ್ತಾರೆ. ಈ ಪ್ರಸಂಗ ಓದುವಾಗೆಲ್ಲ ನಮಗೀಗ ಮಿನಮಾಟದ ಆ ವೈದ್ಯರ ಹನ್ನೊಂದು ವರ್ಷಗಳ ಮೌನ ನೆನಪಿಗೆ ಬರುತ್ತದೆ.

ಇರಾಕಿನ ವೈದ್ಯರು ಮಾತ್ರ ಬಾಯಿ ಮುಚ್ಚಿಕೊಂಡಿರಲಿಲ್ಲ. ಬಗ್ದಾದ್ ವಿಶ್ವವಿದ್ಯಾಲಯದ ಡಾ. ಫರ್ಹಾನ್ ಬಾಕಿರ್ ಮತ್ತು ಸಂಗಡಿಗರು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆಗೂಡಿ ಎಲ್ಲವನ್ನೂ ಅಳೆದು, 1973ರ ಜುಲೈಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಡಾ. ಲಮ್ಆನ್ ಅಮೀನ್ ಝಕಿ ಮತ್ತಿತರರು ಆ ಚಳಿಗಾಲದಲ್ಲಿ ಗರ್ಭಿಣಿಯರಾಗಿದ್ದ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದರು. ಅವರು ಕಂಡದ್ದು ಭಯಾನಕವಾಗಿತ್ತು. ತಾಯಿಗೆ ಬೆರಳ ಜೋಮಿಗಿಂತ ಹೆಚ್ಚೇನೂ ಆಗದಿದ್ದರೂ ಮಗು ಕುರುಡಾಗಿ, ಕಿವುಡಾಗಿ, ಕತ್ತು ನಿಲ್ಲದ ಸ್ಥಿತಿಯಲ್ಲಿ ಹುಟ್ಟಿದ ಉದಾಹರಣೆಗಳಿದ್ದವು. ಮಾಸು ದಾಟಿದ ವಿಷ ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತದೆ, ಎದೆಹಾಲಿನಲ್ಲೂ ಇಳಿಯುತ್ತದೆ.

ತಾಯಿ ಯಾವ ತಿಂಗಳಲ್ಲಿ ಎಷ್ಟು ತಿಂದಿದ್ದಳೆಂದು ತಿಳಿಯುವ ದಾರಿ ಅವಳ ಕೂದಲಿನಲ್ಲೇ ಇತ್ತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಬೆಳೆಯುವಾಗ ರಕ್ತದ ಪಾದರಸವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಳ್ಳಿಯ ಹೆಂಗಸರ ಉದ್ದ ಜಡೆಯ ಎಳೆಗಳನ್ನು ಸೆಂಟಿಮೀಟರಿನಂತೆ ತುಂಡರಿಸಿ ಅಳೆದಾಗ, ಶಿಶಿರದ ಆ ರೊಟ್ಟಿಗಳ ಲೆಕ್ಕ ತಿಂಗಳು ತಿಂಗಳಾಗಿ ಬಿಚ್ಚಿಕೊಂಡಿತು. 1995ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಒಬ್ಬ ಮನುಷ್ಯ ದಿನವೊಂದಕ್ಕೆ ಎಷ್ಟು ಮಿಥೈಲ್ ಪಾದರಸವನ್ನು ಅಪಾಯವಿಲ್ಲದೆ ಸೇವಿಸಬಹುದೆಂದು ಗೊತ್ತುಪಡಿಸಿತು: ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮೈಕ್ರೋಗ್ರಾಂ. ಗರ್ಭಿಣಿಯರು ಯಾವ ಮೀನನ್ನು ಎಷ್ಟು ತಿನ್ನಬಹುದೆಂಬ ಸಲಹೆಯ ಹಿಂದೆ ಇಂತಹ ಅಂಕೆಗಳಿರುತ್ತವೆ. ಅಂದು ಆ ಅಂಕೆಯನ್ನು ಲೆಕ್ಕ ಹಾಕಿದ್ದು 81 ಇರಾಕಿ ತಾಯಂದಿರ ಕೂದಲಿನಿಂದ ಮತ್ತು ಅವರ 81 ಮಕ್ಕಳು ಯಾವಾಗ ನಡೆಯಲು, ಮಾತನಾಡಲು ಕಲಿತರೆಂಬ ವಿವರದಿಂದ.